‘ಇಳಿಯಿತು’ ಅಲ್ಲ, ‘ಇಳಿದಿದೆ’!

1969ರ ಜುಲೈ 20. ಭಾರತದ ಗಡಿಯಾರಗಳಲ್ಲಿ ಆಗಲೇ ತಾರೀಖು ಬದಲಾಗಿ, 21ರ ನಡುರಾತ್ರಿ ಒಂದೂಮುಕ್ಕಾಲು ದಾಟಿತ್ತು. ಚಂದ್ರನ ಮೇಲೆ ಕಾಲೂರಿದ ನೌಕೆಯೊಳಗಿಂದ ನೀಲ್ ಆರ್ಮ್‌ಸ್ಟ್ರಾಂಗ್ ಹ್ಯೂಸ್ಟನ್‌ಗೆ ಮುಟ್ಟಿಸಿದ ಸುದ್ದಿ ನಾಲ್ಕೇ ಪದಗಳದ್ದು: ‘ದ ಈಗಲ್ ಹ್ಯಾಸ್ ಲ್ಯಾಂಡೆಡ್.’ ಈ ನಾಲ್ಕು ಪದಗಳನ್ನು ಎಷ್ಟು ಸಲ ಕೇಳಿದ್ದೇವೆ, ಎಷ್ಟು ಕಡೆ ಓದಿದ್ದೇವೆ! ಅದರ ಮೂರನೆಯ ಪದದ ಮೇಲೆ ಕಣ್ಣು ನಿಲ್ಲಿಸಿದವರು ಎಷ್ಟು ಜನ? ಬರೀ ‘ಲ್ಯಾಂಡೆಡ್’ ಎಂದಿದ್ದರೂ ಸುದ್ದಿ ಮುಟ್ಟುತ್ತಿತ್ತು. ಇಳಿಯಿತು, ಕಥೆ ಮುಗಿಯಿತು. ಆದರೆ ಆ ಮನುಷ್ಯನ ಬಾಯಿಂದ ಬಂದದ್ದು ‘ಹ್ಯಾಸ್ ಲ್ಯಾಂಡೆಡ್’. ಇಳಿದಿದೆ. ಇಳಿದು, ಇಗೋ ಇಲ್ಲೇ ಇದೆ!

ಐವತ್ನಾಲ್ಕು ವರ್ಷ ಕಳೆದು 2023ರ ಆಗಸ್ಟ್ 23ರ ಸಂಜೆ, 6 ಗಂಟೆ 4 ನಿಮಿಷ. ಈ ಸಲ ಮಾತು ಹೊರಟದ್ದು ಬೆಂಗಳೂರಿನಿಂದ. ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲ ಮುಟ್ಟಿದ್ದೇ ತಡ, ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಪ್ರಧಾನಿಯವರಿಗೆ ಒಪ್ಪಿಸಿದ ವರದಿ ಹೀಗಿತ್ತು: ‘ವಿ ಹ್ಯಾವ್ ಅಚೀವ್ಡ್ ಸಾಫ್ಟ್ ಲ್ಯಾಂಡಿಂಗ್ ಆನ್ ದ ಮೂನ್. ಇಂಡಿಯಾ ಈಸ್ ಆನ್ ದ ಮೂನ್.’ ನೋಡಿ, ಆ ಎರಡು ವಾಕ್ಯಗಳನ್ನು ಒಟ್ಟಿಗೆ ನೋಡಿ! ಮೊದಲ ವಾಕ್ಯದ ‘ಹ್ಯಾವ್ ಅಚೀವ್ಡ್’ಗೆ ಎರಡನೆಯ ವಾಕ್ಯದ ‘ಈಸ್’ ಭಾಷ್ಯ ಬರೆದಂತಿದೆ. ಸಾಧಿಸಿದ್ದೇವೆ, ಹಾಗಾಗಿ ಈ ಹೊತ್ತು ಅಲ್ಲಿದ್ದೇವೆ. ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಅಂದರೇನು ಎಂದು ಇಷ್ಟು ಅಚ್ಚುಕಟ್ಟಾಗಿ ಬಿಡಿಸಿ ಹೇಳಿದ ವ್ಯಾಕರಣ ಪುಸ್ತಕವನ್ನು ನಾನು ಕಂಡಿಲ್ಲ.

ಚಂದ್ರನಿಗೂ ಈ ಕಾಲರೂಪಕ್ಕೂ ಏನೋ ನಂಟಿರಬೇಕು! 1970ರ ಏಪ್ರಿಲ್ 13ರ ರಾತ್ರಿ, ಚಂದ್ರನ ದಾರಿಯಲ್ಲಿದ್ದ ಅಪೋಲೋ 13ರ ಆಮ್ಲಜನಕದ ಟ್ಯಾಂಕು ಸಿಡಿಯಿತು. ಜ್ಯಾಕ್ ಸ್ವಿಗರ್ಟ್ ಹ್ಯೂಸ್ಟನ್‌ಗೆ ಹೇಳಿದ್ದು, ಇನ್ನೊಮ್ಮೆ ಹೇಳಿ ಎಂದು ನೆಲದವರು ಕೇಳಿದಾಗ ಜಿಮ್ ಲವೆಲ್ ಮತ್ತೆ ಹೇಳಿದ್ದು ‘ವೀವ್ ಹ್ಯಾಡ್ ಎ ಪ್ರಾಬ್ಲಮ್’ ಎಂದು. ಅಂದರೆ ‘ವಿ ಹ್ಯಾವ್ ಹ್ಯಾಡ್’. 1995ರ ಸಿನಿಮಾದಲ್ಲಿ ಟಾಮ್ ಹ್ಯಾಂಕ್ಸ್ ಬಾಯಲ್ಲಿ ಅದು ‘ವಿ ಹ್ಯಾವ್ ಎ ಪ್ರಾಬ್ಲಮ್’ ಆಯಿತು, ಜಗತ್ತು ಅದನ್ನೇ ಬಾಯಿಪಾಠ ಮಾಡಿಕೊಂಡಿತು. ಒಂದು ‘ಹ್ಯಾಡ್’ ಉದುರಿತು, ಅಷ್ಟೇ ತಾನೇ ಎನ್ನಬೇಡಿ. ಗಗನಯಾತ್ರಿಗಳು ಹೇಳಿದ್ದರಲ್ಲಿ ಏನೋ ಸಂಭವಿಸಿದೆ, ಅದರ ಫಲದೊಳಗೆ ನಾವೀಗ ಕೂತಿದ್ದೇವೆ ಎಂಬ ಎರಡು ಸಂಗತಿಗಳಿದ್ದವು. ಸಿನಿಮಾ ಎರಡನೆಯದನ್ನಷ್ಟೇ ಇಟ್ಟುಕೊಂಡಿತು. ಆದರೂ ಮಾತು ಕೆಡಲಿಲ್ಲ ಯಾಕೆ? ಯಾಕೆಂದರೆ ಈ ಕಾಲರೂಪದ ಜೀವ ಇರುವುದೇ ಆ ಎರಡನೆಯದರಲ್ಲಿ. ಹೆಸರಲ್ಲೇ ಪ್ರೆಸೆಂಟ್ ಇದೆ. ಇದು ಭೂತಕಾಲದ ವೇಷ ಹಾಕಿದ ವರ್ತಮಾನ!

ಕಟ್ಟುವುದು ಎಷ್ಟು ಸಲೀಸು ಎಂದರೆ ನಗು ಬರುತ್ತದೆ. ಐ, ವಿ, ಯು, ದೇ ಆದರೆ ಹ್ಯಾವ್. ಹಿ, ಶಿ, ಇಟ್ ಆದರೆ ಹ್ಯಾಸ್. ಅದರ ಬೆನ್ನಿಗೆ ಕ್ರಿಯಾಪದದ ಮೂರನೆಯ ರೂಪ. ‘ಐ ಹ್ಯಾವ್ ರಿಟನ್’, ‘ಶಿ ಹ್ಯಾಸ್ ರಿಟನ್’. ಇಲ್ಲ ಎನ್ನಬೇಕಾದರೆ ನಡುವೆ ಒಂದು ನಾಟ್: ‘ಶಿ ಹ್ಯಾಸ್ ನಾಟ್ ರಿಟನ್’. ಕೇಳಬೇಕಾದರೆ ಹ್ಯಾಸ್ ಎದ್ದು ಮುಂದೆ ಬರುತ್ತದೆ: ‘ಹ್ಯಾಸ್ ಶಿ ರಿಟನ್?’ ಡು, ಡಸ್, ಡಿಡ್‌ಗಳ ಗೋಜೇ ಇಲ್ಲ. ಕೆಲಸ ಇನ್ನೂ ಸಾಗುತ್ತಿದೆ ಎಂದರೆ ‘ಹ್ಯಾಸ್ ಬೀನ್ ರೈಟಿಂಗ್’. ಅಷ್ಟೇ. ಮುಗಿಯಿತು.

ಆ ಮೂರನೆಯ ರೂಪದ ಹತ್ತಿರ ಮಾತ್ರ ಸ್ವಲ್ಪ ಕೂರಬೇಕು. ನಮ್ಮ ಶಾಲೆಗಳಲ್ಲಿ ಮಗ್ಗಿಯ ಹಾಗೆ ರಾಗ ಹಾಕಿ ಹೇಳಿಸುತ್ತಿದ್ದರಲ್ಲ, ‘ಗೋ ವೆಂಟ್ ಗಾನ್, ಸೀ ಸಾ ಸೀನ್’ ಎಂದು, ಆ ರಾಗದೊಳಗೆ ಸಾವಿರಾರು ವರ್ಷಗಳ ಚರಿತ್ರೆ ಅಡಗಿದೆ. ‘ವಾಕ್ಡ್’, ‘ಲವ್ಡ್’ ಪದಗಳ ಕೊನೆಯ ‘ಡ್’ ಬಂದದ್ದು ಎಲ್ಲಿಂದ? ಸಂಸ್ಕೃತದ ಕೃತ, ಗತ, ಮೃತ, ಶ್ರುತ ಪದಗಳ ಕೊನೆಯಲ್ಲಿರುವ ‘ತ’ ಯಾವ ಮೂಲದಿಂದ ಬಂದಿತೋ ಅದೇ ಮೂಲದಿಂದ! ‘ಬ್ರೋಕನ್’, ‘ರಿಟನ್’ ಪದಗಳ ‘ನ್’ಗೆ ಭಿನ್ನ, ಛಿನ್ನ, ಖಿನ್ನ, ಪೂರ್ಣ ಪದಗಳ ‘ನ’ ನೆಂಟ. ದಿನಾ ಕನ್ನಡ ಪತ್ರಿಕೆ ಓದುವವರು ಈ ಪ್ರತ್ಯಯಗಳನ್ನು ದಿನಾ ನೋಡುತ್ತಲೇ ಇದ್ದಾರೆ. ಇನ್ನೂ ಬೆರಗು ಬೇಕೇ? ‘ಶ್ರುತ’ ಎಂದರೆ ಕೇಳಿಸಿಕೊಂಡದ್ದು. ಅದೇ ಬೇರಿನಿಂದ, ಅದೇ ‘ತ’ ಹೊತ್ತು ಇಂಗ್ಲಿಷಿಗೆ ಬಂದ ಪದ ‘ಲೌಡ್’. ಜೋರಾಗಿ ಕೇಳಿಸುವುದು! ಗೋ, ಗಾನ್‌ಗಳ ನಡುವೆ ಏನೂ ಸಂಬಂಧವಿಲ್ಲದೆ ನುಸುಳಿರುವ ‘ವೆಂಟ್’ ಬಂದದ್ದು ‘ವೆಂಡ್’ ಎಂಬ ಬೇರೆಯೇ ಕ್ರಿಯಾಪದದಿಂದ. ಅದು ನುಗ್ಗಿ ಹಳೆಯ ರೂಪವನ್ನು ಹೊರಹಾಕಿತು. ‘ಗಾನ್’ ಮಾತ್ರ ಜಗ್ಗಲಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಎಲ್ಲಿ ‘ಕೇಮ್’, ಎಲ್ಲಿ ‘ಹ್ಯಾಸ್ ಕಮ್’? ಕನ್ನಡದವರಿಗೆ ಇದು ಕಷ್ಟ ಎಂದು ಯಾರು ಹೇಳಿದರೋ ಕಾಣೆ. ಈ ಎರಡು ವಾಕ್ಯ ಕೇಳಿ: ‘ಮಗ ಊಟಕ್ಕೆ ಬರಲಿಲ್ಲ.’ ‘ಮಗ ಊಟಕ್ಕೆ ಬಂದಿಲ್ಲ.’ ಮೊದಲನೆಯದನ್ನು ಹೇಳುವ ತಾಯಿ ಪಾತ್ರೆ ತೊಳೆದಿಟ್ಟಿದ್ದಾಳೆ. ಎರಡನೆಯದನ್ನು ಹೇಳುವ ತಾಯಿ ತಟ್ಟೆಗೆ ಮುಚ್ಚಳ ಹಾಕಿ ಬಾಗಿಲ ಕಡೆ ನೋಡುತ್ತಿದ್ದಾಳೆ! ‘ನಿನ್ನೆ ರಾತ್ರಿ ಕರೆಂಟು ಬರಲಿಲ್ಲ’ ಎಂದು ದೀಪದ ಬೆಳಕಿನಲ್ಲಿ ಕೂತು ಹೇಳಬಹುದು. ‘ಕರೆಂಟು ಬಂದಿಲ್ಲ’ ಎಂದಿರೋ, ಈಗಲೂ ಕತ್ತಲೆಯೇ. ಮೊದಲನೆಯದು ‘ಡಿಡ್ ನಾಟ್ ಕಮ್’. ಎರಡನೆಯದು ‘ಹ್ಯಾಸ್ ನಾಟ್ ಕಮ್’. ಓದು ಬರಹ ಕಲಿಯದ ಅಜ್ಜಿಯೂ ಈ ಎರಡನ್ನು ಒಂದು ಸಲವೂ ಅದಲುಬದಲು ಮಾಡುವುದಿಲ್ಲ. ಇಂಗ್ಲಿಷ್ ಕಲಿಯುವ ನಾವು ಇನ್ನೊಬ್ಬರ ನಿಯಮ ಎಂದುಕೊಂಡು ಉರು ಹೊಡೆಯುವುದು ನಮ್ಮ ನಾಲಗೆಯಲ್ಲೇ ಇದೆ!

ಹೌದು ಎನ್ನುವಾಗಲೂ ಅದೇ ಆಟ. ಬೆಳಿಗ್ಗೆ ಬಾಗಿಲು ತೆರೆದು ಒದ್ದೆ ಅಂಗಳ ನೋಡಿದವರು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತಾರೆ. ಕಣ್ಣಾರೆ ಮಳೆ ಕಂಡವರು ‘ಮಳೆ ಬಂತು’ ಎಂದಾರು. ಕಾಣುತ್ತಿರುವುದು ಅಂಗಳದ ನೀರು. ಮಳೆ ಅದರ ಹಿಂದಿನ ಕಥೆ. ಕಣ್ಣೆದುರಿನ ಫಲದಿಂದ ಹಿಂದಕ್ಕೆ ನೋಡುವ ಈ ದೃಷ್ಟಿಯೇ ಪರ್ಫೆಕ್ಟ್.

ಹಾಗಾದರೆ ಎರಡೂ ಭಾಷೆ ಇದನ್ನು ಕಟ್ಟಿದ ರೀತಿಯೂ ಒಂದೆಯೇ? ಇಲ್ಲಿದೆ ನೋಡಿ ಸ್ವಾರಸ್ಯ. ‘ಬಂದಿದ್ದಾನೆ’ ಬಿಡಿಸಿದರೆ ‘ಬಂದು’ ಮತ್ತು ‘ಇದ್ದಾನೆ’, ಬರೀ ಲೋಪಸಂಧಿ. ‘ಬಂದಿಲ್ಲ’ ಬಿಡಿಸಿದರೆ ‘ಬಂದು’ ಮತ್ತು ‘ಇಲ್ಲ’. ನಮ್ಮದು ‘ಇರು’ ಎಂಬ ಧಾತುವಿನ ಮೇಲೆ ನಿಂತ ಕಟ್ಟಡ. ಇಂಗ್ಲಿಷಿನದು ‘ಹ್ಯಾವ್’ ಮೇಲೆ, ಅಂದರೆ ಒಡೆತನದ ಮೇಲೆ. ಕನ್ನಡದಲ್ಲಿ ಹ್ಯಾವ್ ಎಂಬ ಕ್ರಿಯಾಪದವೇ ಇಲ್ಲವಲ್ಲ! ನನಗೆ ಇಬ್ಬರು ತಂಗಿಯರಿದ್ದಾರೆ, ನನ್ನ ಹತ್ತಿರ ದುಡ್ಡಿದೆ. ನಮ್ಮಲ್ಲಿ ಎಲ್ಲವೂ ‘ಇರುತ್ತದೆ’, ಯಾವುದನ್ನೂ ನಾವು ‘ಹ್ಯಾವ್’ ಮಾಡುವುದಿಲ್ಲ. ಒಡೆತನದ ಮಾತು ಕಾಲದ ಮಾತಾದದ್ದು ಹೇಗೆ?

ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿಗೆ ಹೋಗಬೇಕು. ಅಲ್ಲಿ ಬೆಸ್ತನೊಬ್ಬ ‘ನನ್ನ ಬಳಿ ಮೀನು ಇದೆ, ಹಿಡಿದಿರುವಂಥದ್ದು’ ಎಂಬ ಧಾಟಿಯಲ್ಲಿ ಮಾತಾಡಬಹುದಿತ್ತು. ‘ಹಿಡಿದ’ ಎಂಬುದು ಮೀನಿಗೆ ಹತ್ತಿದ ವಿಶೇಷಣ. ಅದಕ್ಕೆ ಮೀನಿನ ಲಿಂಗ, ವಚನ, ವಿಭಕ್ತಿಗೆ ಹೊಂದುವ ಪ್ರತ್ಯಯ ಕೂಡ ಹತ್ತುತ್ತಿತ್ತು. ಕಾಲ ಕಳೆದಂತೆ ಆ ಪ್ರತ್ಯಯ ಸವೆದುಹೋಯಿತು. ವಿಶೇಷಣ ಮೀನನ್ನು ಬಿಟ್ಟು ಹ್ಯಾವ್‌ನ ಪಕ್ಕಕ್ಕೆ ಸರಿಯಿತು. ‘ಹಿಡಿದ ಮೀನು ನನ್ನಲ್ಲಿದೆ’ ಎಂಬುದು ‘ನಾನು ಮೀನು ಹಿಡಿದಿದ್ದೇನೆ’ ಎಂದಾಯಿತು. ಒಡೆತನ ಆವಿಯಾಗಿ ಕಾಲ ಉಳಿಯಿತು! ಇವತ್ತು ‘ಐ ಹ್ಯಾವ್ ಲಾಸ್ಟ್ ಮೈ ಪರ್ಸ್’ ಎನ್ನುವವರ ಬಳಿ ಪರ್ಸ್ ಇಲ್ಲವೇ ಇಲ್ಲ, ಆದರೂ ವಾಕ್ಯದಲ್ಲಿ ಹ್ಯಾವ್ ಇದೆ.

ಇದೇ ದಾರಿಯನ್ನು ಲ್ಯಾಟಿನ್ ತನ್ನ ಪಾಡಿಗೆ ತಾನು ‘ಹಬೇರೆ’ ಎಂಬ ಪದ ಹಿಡಿದು ನಡೆಯಿತು. ಫ್ರೆಂಚರ ಇಂದಿನ ಕಾಲರೂಪ ಹುಟ್ಟಿದ್ದು ಹಾಗೆ. ಹಬೇರೆ, ಹ್ಯಾವ್: ನೋಡಿದವರು ಒಡಹುಟ್ಟಿದವರೇ ಎನ್ನಬೇಕು. ಆದರೆ ರಕ್ತಸಂಬಂಧವೇ ಇಲ್ಲ! ಹ್ಯಾವ್‌ಗೆ ನಿಜವಾದ ಒಡಹುಟ್ಟು ಲ್ಯಾಟಿನ್ನಿನ ‘ಕಾಪೆರೆ’, ಹಿಡಿ ಎಂಬರ್ಥದ ಪದ, ‘ಕ್ಯಾಪ್ಚರ್’ ಬಂದದ್ದು ಅದರಿಂದಲೇ. ಬೇರೆ ಬೇರೆ ಮನೆಯ ಎರಡು ಪದಗಳು ಒಂದೇ ಅರ್ಥಕ್ಕೆ ಬಂದು, ಒಂದೇ ಕೆಲಸಕ್ಕೆ ಸೇರಿಕೊಂಡವು. ಒಡೆತನದಿಂದ ಕಾಲವನ್ನು ಕಟ್ಟುವ ಈ ವಿದ್ಯೆ ಪಶ್ಚಿಮ ಯೂರೋಪಿನಾಚೆ ತೀರಾ ಅಪರೂಪ. ಜಗತ್ತಿನ ಲೆಕ್ಕದಲ್ಲಿ ವಿಚಿತ್ರವಾಗಿರುವುದು ಅವರ ಹ್ಯಾವ್, ನಮ್ಮ ‘ಇರು’ ಅಲ್ಲ.

ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮ ಹಾದಿಯಲ್ಲಿತ್ತು ಎಂದರೆ ನಂಬುತ್ತೀರಾ? ಹೋಗು, ಬಾ, ಏಳು, ಆಗು ಇಂಥ ಕ್ರಿಯಾಪದಗಳಿಗೆ ಅವರು ಸಾಮಾನ್ಯವಾಗಿ ಹ್ಯಾವ್ ಹಾಕುತ್ತಿರಲಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ, 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಹಿ ಈಸ್ ಕಮ್’ ಸಹಜ ಇಂಗ್ಲಿಷ್. ಬಿಡಿಸಿ ನೋಡಿ: ಈಸ್ ಎಂದರೆ ಇದ್ದಾನೆ, ಕಮ್ ಎಂದರೆ ಬಂದು. ಬಂದಿದ್ದಾನೆ! ಅಕ್ಷರಶಃ! ಜರ್ಮನ್, ಫ್ರೆಂಚ್ ಭಾಷೆಗಳು ಈಗಲೂ ‘ಬಂದಿದ್ದಾನೆ’ ಎನ್ನಲು ಇರು ಧಾತುವನ್ನೇ ಬಳಸುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಹ್ಯಾವ್ ಮೆಲ್ಲಮೆಲ್ಲನೆ ಎಲ್ಲವನ್ನೂ ನುಂಗಿತು. ಅಳಿದುಳಿದ ತುಣುಕುಗಳು ಅಲ್ಲಲ್ಲಿವೆ. ಈಸ್ಟರ್ ದಿನ ಕ್ರೈಸ್ತರು ಇವತ್ತಿಗೂ ಹೇಳುವುದು ‘ಕ್ರೈಸ್ಟ್ ಈಸ್ ರಿಸನ್’ ಎಂದೇ. 1965ರಲ್ಲಿ ಭೌತವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ಟೀವಿ ಕ್ಯಾಮೆರಾ ಮುಂದೆ ಕೂತು ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ನೆನೆದಾಗ ‘ಐ ಹ್ಯಾವ್ ಬಿಕಮ್’ ಎನ್ನಲಿಲ್ಲ, ‘ಐ ಆಮ್ ಬಿಕಮ್’ ಎಂದರು. ಕೇಳಿದವರಿಗೆ ವ್ಯಾಕರಣ ತಪ್ಪಿದಂತೆ ತೋರುವ ಆ ರೂಪ ಅಸಲಿಗೆ ಇಂಗ್ಲಿಷಿನ ಹಳೆಯ ಪರ್ಫೆಕ್ಟ್.

ಇಷ್ಟೆಲ್ಲ ಹೊಂದಿಕೆ ಇದ್ದರೂ ನಾವು ಎಡವುವ ಒಂದು ಜಾಗವಿದೆ, ಅದರ ಹೆಸರು ನಿನ್ನೆ. ‘ಅಕ್ಕ ನಿನ್ನೆ ಬಂದಿದ್ದಾಳೆ’ ಎಂದರೆ ಕನ್ನಡಕ್ಕೆ ಏನೂ ಮುಜುಗರವಿಲ್ಲ. ನಿನ್ನೆ ಬಂದಳು, ಇನ್ನೂ ಇಲ್ಲೇ ಇದ್ದಾಳೆ. ಅದನ್ನೇ ‘ಶಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದಿರೋ, ಇಂಗ್ಲಿಷ್ ಬಾಗಿಲು ಹಾಕಿಕೊಳ್ಳುತ್ತದೆ! ನಿನ್ನೆ, ಹೋದ ವಾರ, 1947ರಲ್ಲಿ, ಎರಡು ದಿನದ ಹಿಂದೆ, ಹೀಗೆ ಮುಗಿದ ಹೊತ್ತನ್ನು ಬೆರಳಿಟ್ಟು ತೋರಿಸುವ ಯಾವ ಪದವೂ ಹ್ಯಾವ್ ಜೊತೆ ಕೂರುವಂತಿಲ್ಲ. ಅಲ್ಲಿ ‘ಕೇಮ್’ ಒಂದೇ ಗತಿ. ಜರ್ಮನ್ ಭಾಷೆಗೂ ಫ್ರೆಂಚಿಗೂ ಈ ಮಡಿ ಇಲ್ಲ. ಯಾಕಿರಬೇಕು ಇಂಗ್ಲಿಷಿಗೆ? ಭಾಷಾವಿಜ್ಞಾನಿಗಳಿಗೂ ಇದು ಒಗಟೇ. ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಬರೆದ ಪ್ರಸಿದ್ಧ ಲೇಖನದ ಹೆಸರೇ ‘ದ ಪ್ರೆಸೆಂಟ್ ಪರ್ಫೆಕ್ಟ್ ಪಜಲ್’.

ಈ ಒಗಟಿಗೆ ಅತಿ ಸುಂದರವಾದ ಕೀಲಿಕೈ ಮಾಡಿದವರು ವ್ಯಾಕರಣದವರಲ್ಲ, ಐನ್‌ಸ್ಟೈನರ ಸಾಪೇಕ್ಷತೆಯನ್ನು ಅರೆದು ಕುಡಿದಿದ್ದ ತತ್ತ್ವಜ್ಞಾನಿ ಹಾನ್ಸ್ ರೈಖೆನ್‌ಬಾಖ್! ದೇಶ ಮತ್ತು ಕಾಲದ ತತ್ತ್ವದ ಮೇಲೆ 1928ರಲ್ಲೇ ಪುಸ್ತಕ ಬರೆದಿದ್ದ ಈತ, ಹಿಟ್ಲರ್ ಬಂದಾಗ ಜರ್ಮನಿ ತೊರೆದು, ಇಸ್ತಾಂಬುಲ್ ಹಾದು, ಕ್ಯಾಲಿಫೋರ್ನಿಯಾ ಸೇರಿದರು. 1947ರ ತರ್ಕಶಾಸ್ತ್ರದ ಪುಸ್ತಕವೊಂದರಲ್ಲಿ ಕ್ರಿಯಾಪದದ ಕಾಲಕ್ಕೆ ಎರಡು ಬಿಂದು ಸಾಲದು, ಮೂರು ಬೇಕು ಎಂದರು. ಘಟನೆ ನಡೆದ ಹೊತ್ತು ಒಂದು. ಮಾತಾಡುತ್ತಿರುವ ಹೊತ್ತು ಇನ್ನೊಂದು. ಮೂರನೆಯದು, ನಾವು ಎಲ್ಲಿ ನಿಂತು ಆ ಘಟನೆಯನ್ನು ನೋಡುತ್ತಿದ್ದೇವೋ ಆ ಹೊತ್ತು. ‘ಕೇಮ್’ ಎನ್ನುವಾಗ ನೋಡುವ ನಾವು ನಿನ್ನೆಗೇ ಹೋಗಿ ನಿಂತಿದ್ದೇವೆ. ‘ಹ್ಯಾಸ್ ಕಮ್’ ಎನ್ನುವಾಗ ಇವತ್ತಿನಲ್ಲಿ ನಿಂತು ಹಿಂದಿರುಗಿ ನೋಡುತ್ತಿದ್ದೇವೆ. ಎರಡರಲ್ಲೂ ಬರುವುದು ಬಂದಾಗಿದೆ, ಬದಲಾದದ್ದು ನಾವು ನಿಂತ ಜಾಗ ಮಾತ್ರ! ಇವತ್ತಿನಲ್ಲಿ ನಿಂತವರು ‘ನಿನ್ನೆ’ ಎಂದು ವಿಳಾಸ ಬರೆಯುವಂತಿಲ್ಲ ಎಂಬುದು ಇಂಗ್ಲಿಷಿನ ಹಟ. ಒಗಟು ಇದರಿಂದ ಪೂರ್ತಿ ಬಗೆಹರಿಯಿತೆಂದಲ್ಲ, ಆದರೆ ಕೋಣೆಗೆ ದೀಪ ಬಂತು.

ಇವತ್ತು ಮತ್ತು ಇವತ್ತಲ್ಲದ್ದು ಎಂಬ ಈ ಗಡಿ ನಮ್ಮ ನೆಲಕ್ಕೆ ಹೊಸದೇ? ಪಾಣಿನಿ ಸಂಸ್ಕೃತದ ಭೂತಕಾಲಗಳನ್ನು ವಿಂಗಡಿಸಿದ್ದೇ ಹೀಗೆ. ಇವತ್ತಿನದಲ್ಲದ ಭೂತ, ಅಂದರೆ ಅನದ್ಯತನಕ್ಕೆ ಲಙ್ ಎಂಬ ರೂಪ. ಅದರಲ್ಲೂ ಹೇಳುವವನು ಕಣ್ಣಾರೆ ಕಾಣದ ಪರೋಕ್ಷಕ್ಕೆ ಲಿಟ್. ಅತ್ತ ಪ್ಯಾರಿಸ್ಸಿನಲ್ಲಿ 1660ರಲ್ಲಿ ಬಂದ ಪೋರ್ಟ್ ರಾಯಲ್ ವ್ಯಾಕರಣವೂ ಇವತ್ತು ನಡೆದದ್ದಕ್ಕೆ ಒಂದು ರೂಪ, ಇವತ್ತಿಗಿಂತ ಮೊದಲಿನದಕ್ಕೆ ಇನ್ನೊಂದು ಎಂದು ಫ್ರೆಂಚಿಗೆ ನಿಯಮ ಹೇಳಿತು. ಬೇರೆ ದೇಶ, ಬೇರೆ ಯುಗ, ಅದೇ ಗೆರೆ! ಓದುವಾಗ ಮೈ ಜುಮ್ಮೆನ್ನುತ್ತದೆ.

ಇಂಗ್ಲಿಷಿನ ಗೆರೆ ಇನ್ನೂ ಚುರುಕು, ಅದು ಗಡಿಯಾರ ನೋಡಿಕೊಂಡು ಸರಿಯುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎನ್ನಬಹುದು. ಬೆಳಿಗ್ಗೆ ಇನ್ನೂ ನಡೆದಿದೆ, ಮೂರನೆಯ ಲೋಟ ಬರಬಹುದು. ಸಂಜೆ ನಾಲ್ಕಕ್ಕೆ ಅದೇ ಎರಡು ಲೋಟಗಳ ಬಗ್ಗೆ ‘ಐ ಹ್ಯಾಡ್’ ಎನ್ನಬೇಕು, ಬೆಳಗು ಮುಗಿಯಿತು. ಕುಡಿದ ಕಾಫಿ ಅದೇ, ವ್ಯಾಕರಣ ಬೇರೆ.

ಸಾವು ಕೂಡ ಈ ವ್ಯಾಕರಣದೊಳಗಿದೆ. ‘ಐನ್‌ಸ್ಟೈನ್ ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್’ ಎಂಬ ವಾಕ್ಯ ಇಂಗ್ಲಿಷ್ ಕಿವಿಗೆ ವಿಚಿತ್ರ ಎಂದು ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ತೋರಿಸಿದರು. ಐನ್‌ಸ್ಟೈನ್ 1955ರಲ್ಲೇ ತೀರಿಕೊಂಡರಲ್ಲ. ಆದರೆ ಅದನ್ನೇ ತಿರುಗಿಸಿ ‘ಪ್ರಿನ್ಸ್‌ಟನ್ ಹ್ಯಾಸ್ ಬೀನ್ ವಿಸಿಟೆಡ್ ಬೈ ಐನ್‌ಸ್ಟೈನ್’ ಎನ್ನಿ, ಸರಿಹೋಯಿತು! ಪ್ರಿನ್ಸ್‌ಟನ್ ಇನ್ನೂ ಇದೆ. ನಮ್ಮ ಕಡೆಗೆ ತರುವುದಾದರೆ, ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡ ಮೇಲೆ ‘ರಾಜ್‌ಕುಮಾರ್ ಹ್ಯಾಸ್ ವಿಸಿಟೆಡ್ ಅವರ್ ಟೌನ್’ ಎನ್ನುವಂತಿಲ್ಲ, ‘ವಿಸಿಟೆಡ್’ ಎನ್ನಬೇಕು. ಕನ್ನಡದ ‘ಅಣ್ಣಾವ್ರು ನಮ್ಮೂರಿಗೆ ಬಂದಿದ್ದಾರೆ’ ಎಂಬುದೂ ಅಷ್ಟೇ, ಕೇಳಿದವರು ಬೆಚ್ಚಿ ಬೀಳುತ್ತಾರೆ! ‘ಬಂದಿದ್ದರು’ ಎಂದೇ ನಾವೂ ಹೇಳುವುದು. ಯಾರು ಕಲಿಸಿದರು ನಮಗೆ ಇದನ್ನು?

ಎಡವುವ ಇನ್ನೊಂದು ಕಡೆ ಚಿಕ್ಕದು. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎನ್ನುವಾಗ ಕನ್ನಡಕ್ಕೆ ವರ್ತಮಾನವೇ ಸಾಕು, ಹಾಗಾಗಿ ನಮ್ಮ ಬಾಯಲ್ಲಿ ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಬಂದುಬಿಡುತ್ತದೆ. ಫ್ರೆಂಚರೂ ಜರ್ಮನರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಬೀಳುತ್ತಾರೆ, ಅವರದ್ದೂ ನಮ್ಮಂಥದ್ದೇ ಕಟ್ಟು. ಇಂಗ್ಲಿಷಿಗೆ ಬೇಕಾದದ್ದು ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’. ಉದ್ದ ಹೇಳಲು ಫಾರ್, ಶುರುವಾದ ಹೊತ್ತು ಹೇಳಲು ಸಿನ್ಸ್: ‘ಸಿನ್ಸ್ 2015’. ನಮ್ಮ ‘ಇಂದ’ ಎರಡಕ್ಕೂ ಒದಗುವುದರಿಂದ ಗೊಂದಲ. ಗಾನ್, ಬೀನ್ ಜೋಡಿಗೆ ಮಾತ್ರ ಯಾವ ಭಯವೂ ಬೇಡ. ‘ಹ್ಯಾಸ್ ಗಾನ್ ಟು ಮೈಸೂರು’ ಎಂದರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ‘ಹ್ಯಾಸ್ ಬೀನ್ ಟು ಮೈಸೂರು’ ಎಂದರೆ ಹೋಗಿ ಬಂದಿದ್ದಾನೆ.

ಅಮೆರಿಕದವರು ಈ ವಿಷಯದಲ್ಲಿ ಸ್ವಲ್ಪ ಸಡಿಲ. ಬ್ರಿಟಿಷರು ‘ಐ ಹ್ಯಾವ್ ಆಲ್‌ರೆಡಿ ಈಟನ್’ ಎನ್ನುವ ಕಡೆ ಅವರು ‘ಐ ಆಲ್‌ರೆಡಿ ಏಟ್’ ಎಂದು ಮುಗಿಸುತ್ತಾರೆ. ‘ಹ್ಯಾವ್ ಯು ಈಟನ್?’ ಬದಲು ‘ಡಿಡ್ ಯು ಈಟ್?’ ಕೇಳುತ್ತಾರೆ. ನಮ್ಮ ‘ಊಟ ಆಯ್ತಾ?’ ಕೂಡ ಸಾದಾ ಭೂತಕಾಲವೇ. ಆ ಒಂದು ಪ್ರಶ್ನೆಯಲ್ಲಿ ನಾವು ಅಮೆರಿಕದ ಪಕ್ಷ!

ಇಂಗ್ಲಿಷ್ ಕಲಿಸುವ ಮೇಷ್ಟ್ರು, ಟೀಚರುಗಳಲ್ಲಿ ಒಂದು ವಿನಂತಿ. ಹ್ಯಾವ್, ಹ್ಯಾಸ್, ಮೂರನೆಯ ರೂಪ ಎಂದು ಬೋರ್ಡಿನ ಮೇಲೆ ಸೂತ್ರ ಬರೆಯುವ ಮೊದಲು ‘ಬರಲಿಲ್ಲ’ಕ್ಕೂ ‘ಬಂದಿಲ್ಲ’ಕ್ಕೂ ಏನು ವ್ಯತ್ಯಾಸ ಎಂದು ಮಕ್ಕಳನ್ನು ಕೇಳಿ. ಅವರು ಹೇಳಲಿ, ವಾದ ಮಾಡಲಿ, ತಮ್ಮ ಮನೆಯ ಮಾತುಗಳಿಂದಲೇ ಉದಾಹರಣೆ ಕೊಡಲಿ. ಸೂತ್ರವನ್ನು ಆಮೇಲೆ ಬರೆಯಿರಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆ ಸೇರಿಸಿ: ವಾಕ್ಯದಲ್ಲಿ ‘ನಿನ್ನೆ’ ಇದ್ದರೆ ಹ್ಯಾವ್ ಬೇಡ.